ದೊಡ್ಡ ಟೇಬಲ್‌ಗೆ ಕೂರುವ ಮುಂಚೆ: ಹಳೆಯ ಡೀಲರ್ ಒಬ್ಬಳ ಮಾತು

ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಫೋನ್ ಮಾಡಿದ್ದ. "ಅಕ್ಕಾ, ಮುಂದಿನ ಶುಕ್ರವಾರ ಪೋಕರ್ ಆಡೋಕೆ ಪಣಜಿಗೆ ಬರ್ತಿದ್ದೇನೆ. ಐದು ಲಕ್ಷ ಎತ್ತಿಟ್ಟಿದ್ದೇನೆ. ದೊಡ್ಡ ಟೇಬಲ್‌ನಲ್ಲಿ ಕೂರೋಕೆ ಏನೇನು ನೋಡ್ಕೋಬೇಕು, ಸ್ವಲ್ಪ ಹೇಳು."

"ಯಾಕೆ ಆಡ್ತೀಯ?" ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. ಆಮೇಲೆ "ದುಡ್ಡಿಗೆ ಅಲ್ದೆ ಇನ್ಯಾಕೆ" ಅಂದ. ಎಲ್ಲರೂ ಕೊಡುವ ಉತ್ತರ ಅದೇ. ಒಂಬತ್ತು ವರ್ಷದಲ್ಲಿ ಅದು ನಿಜವಾಗಿದ್ದವರನ್ನು ನಾನು ನೋಡಿದ್ದು ಬೆರಳೆಣಿಕೆಯಷ್ಟು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅಂಕೋಲಾದವಳು. ಮಾಂಡೋವಿ ನದಿಯಲ್ಲಿ ನಿಂತಿರುವ ಕ್ಯಾಸಿನೊ ಹಡಗೊಂದರಲ್ಲಿ ಪೋಕರ್ ಡೀಲರ್, ಅಂದರೆ ಎಲೆ ಹಂಚುವವಳು, ಆಗಿದ್ದೆ. ಅರ್ಧ ಗಂಟೆಗೊಮ್ಮೆ ಟೇಬಲ್ ಬದಲು, ಗಂಟೆಗೆ 25-30 ಹ್ಯಾಂಡ್ (ಒಮ್ಮೆ ಎಲೆ ಹಂಚಿ ಆಡಿ ಮುಗಿಸಿದರೆ ಒಂದು ಹ್ಯಾಂಡ್). ಆಟಗಾರರು ಒಬ್ಬರ ಮುಖ ಒಬ್ಬರು ಓದುತ್ತಾ ಕೂರುತ್ತಾರೆ. ನಮ್ಮ ಕಣ್ಣು ಮಾತ್ರ ಸದಾ ಮೇಜಿನ ಮೇಲೆ: ಎಲೆ, ಚಿಪ್ಸ್, ಬೆರಳು. ಮುಖಕ್ಕೆ ಸುಳ್ಳು ಹೇಳಲು ಬರುತ್ತದೆ, ಬೆರಳಿಗೆ ಅಷ್ಟು ಬರುವುದಿಲ್ಲ. ಹಾಗಾಗಿ ಇಲ್ಲಿ ಯಾವ ಎಲೆಗೆ ಎಷ್ಟು ಕಟ್ಟಬೇಕು ಎಂಬ ಪಾಠ ಇಲ್ಲ. ಅದನ್ನು ಕಲಿಸುವವರು ಬೇಕಾದಷ್ಟಿದ್ದಾರೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದೆ, ಕೌಶಲದ ಆಟ ಎಂದರೂ ವಿನಾಯಿತಿ ಇಲ್ಲ. "ಟೆಲಿಗ್ರಾಂನಲ್ಲಿ ಒಂದು ಆ್ಯಪ್ ಲಿಂಕ್ ಬಂದಿದೆ ಅಕ್ಕ" ಎಂದು ನನ್ನ ಬಳಿ ಬರಬೇಡಿ. ನಾನು ಹೇಳುತ್ತಿರುವುದು ಗೋವಾದಲ್ಲಿ ಲೈಸೆನ್ಸ್ ಇರುವ ಕಡೆ, ಮೇಜಿನ ಸುತ್ತ ಕೂತು ಆಡುವ ಆಟದ ಬಗ್ಗೆ.

ಕಾರಣವನ್ನು ಚೀಟಿಯಲ್ಲಿ ಬರೆಯಿರಿ

ಮನೆಯಿಂದ ಹೊರಡುವ ಮುಂಚೆ, ಮೊಬೈಲ್‌ನಲ್ಲಿ ಬೇಡ, ಒಂದು ಚೀಟಿಯಲ್ಲಿ ಪೆನ್ನು ಹಿಡಿದು ಬರೆಯಿರಿ: ನಾನು ಈ ಟೇಬಲ್‌ಗೆ ಯಾಕೆ ಹೋಗುತ್ತಿದ್ದೇನೆ? ಮೊದಲು ಹೊಳೆದದ್ದನ್ನು ಹೊಡೆದುಹಾಕಿ ಎರಡನೆಯದು ಬರೆಯಿರಿ. ಎರಡನೆಯದೇ ಹೆಚ್ಚಾಗಿ ನಿಜ.

ಯಾಕಿಷ್ಟು ರಗಳೆ ಅಂದರೆ, ನೀವು ಎಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂಬುದನ್ನು ಕೈಯಲ್ಲಿರುವ ಎಲೆಗಿಂತ ಹೆಚ್ಚಾಗಿ ಆ ಕಾರಣ ತೀರ್ಮಾನಿಸುತ್ತದೆ. ಇಬ್ಬರನ್ನು ಹೇಳುತ್ತೇನೆ.

ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಜೇಬಿನಲ್ಲಿ ಬಡೇಸೋಪಿನ ಪುಟ್ಟ ಡಬ್ಬಿ. ನಾವು ಡೀಲರ್‌ಗಳು ಅವರಿಗೆ ಇಟ್ಟ ಹೆಸರು ಬಡೇಸೋಪ್ ಸೇಠ್. ಆಟ ಬರುತ್ತಿರಲಿಲ್ಲ ಅಂದರೆ ಬರುತ್ತಿರಲಿಲ್ಲ. ಎಲೆ ನೋಡುವ ಮುಂಚೆಯೇ ಸ್ಟ್ರಾಡಲ್ ಅಂತ ಹೆಚ್ಚುವರಿ ದುಡ್ಡು ಹಾಕುವರು, ಎಂಟು-ಮೂರರಂಥ ಬೇಡದ ಎಲೆ ಹಿಡಿದು ಕಾಲ್ ಮಾಡುವರು, ಅಂದರೆ ಎದುರಿನವನು ಕಟ್ಟಿದಷ್ಟು ಕಟ್ಟುವರು. ಪ್ರತಿ ಸಲ ಸೋಲು. ಆದರೆ ಪ್ರತಿ ಸಲವೂ ಹೆಚ್ಚು ಕಡಿಮೆ ಅಷ್ಟೇ ಸೋಲು. ತಂದದ್ದು ಮುಗಿದ ಕೂಡಲೇ ಡಬ್ಬಿ ತೆಗೆದು ಟೇಬಲ್‌ಗೆಲ್ಲ ಬಡೇಸೋಪು ಹಂಚಿ ಎದ್ದುಬಿಡುವರು. ಒಮ್ಮೆ ನನಗೇ ಹೇಳಿದ್ದರು: "ಮನ್ಯಾಗ ಈಗ ಎಲ್ಲಾ ಮಗಂದಿರು ನೋಡ್ಕೋತಾರವಾ ತಂಗಿ, ನನ್ನ ಯಾರೂ ಕೇಳಂಗಿಲ್ಲ. ಇಲ್ಲೆ ಎಂಟು ಮಂದಿ ನಾ ಏನ್ ಮಾಡ್ತೀನಂತ ಕಾಯ್ತಾರ." ತಾನು ಏನು ಕೊಳ್ಳುತ್ತಿದ್ದೇನೆ, ಅದಕ್ಕೆ ರೇಟು ಎಷ್ಟು, ಎರಡೂ ಅವರಿಗೆ ಗೊತ್ತಿತ್ತು. ನಾನು ಕಂಡವರಲ್ಲಿ ಅತಿ ಸುರಕ್ಷಿತ ಆಟಗಾರ ಅಂದರೆ ಅವರೇ.

ಇನ್ನೊಬ್ಬ ಇಂಜಿನಿಯರ್ ಹುಡುಗ. ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿದಿದ್ದ. ಲೆಕ್ಕದಲ್ಲಿ ಅವನನ್ನು ಮೀರಿಸುವವರು ಆ ರೂಮಿನಲ್ಲಿ ಇರಲಿಲ್ಲ. ಎರಡು ವರ್ಷ ಗೆದ್ದ. ಅವನ ಕಥೆ ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು: ಅವನ ಚೀಟಿಯಲ್ಲಿ "ದುಡ್ಡು" ಅಂತ ಇತ್ತು, ಅದರ ಕೆಳಗೆ ಅವನು ಬರೆಯದೇ ಬಿಟ್ಟ ಇನ್ನೊಂದು ಸಾಲಿತ್ತು: ಅಪ್ಪನಿಗೆ ತೋರಿಸಬೇಕು.

ಕಾರಣ ಹೊಳೆಯದಿದ್ದರೆ ಎರಡು ಪ್ರಶ್ನೆ ಹಾಕಿಕೊಳ್ಳಿ. ಅದೇ ಜನ, ಅದೇ ಟೇಬಲ್, ಆದರೆ ಬೆಟ್ ಹತ್ತನೇ ಒಂದು ಭಾಗ ಅಂದರೆ ಬರುತ್ತೀರಾ? ಬರುವುದಿಲ್ಲ ಅಂದರೆ ನಿಮಗೆ ಬೇಕಾದದ್ದು ಆಟವಲ್ಲ, ಎದೆ ಢವಗುಟ್ಟುವ ಆ ಒಂದು ನಿಮಿಷ. ಎರಡನೆಯದು: ಮನೆಯಲ್ಲಿ ಏನು ಹೇಳಿ ಬಂದಿರಿ? ಇದು ನೀತಿಪಾಠ ಅಲ್ಲ, ಲೆಕ್ಕದ ವಿಚಾರ. "ಆಫೀಸಿನ ಕೆಲಸ" ಎಂದು ಹೇಳಿ ಬಂದವನು ಸೋತರೆ, ಆ ದುಡ್ಡು ಅಕೌಂಟಿನಲ್ಲಿ ಕಾಣೆಯಾಗಿರುವುದು ಹೆಂಡತಿಗೆ ತಿಳಿಯುವ ಮುಂಚೆ ವಾಪಸ್ ತುಂಬಬೇಕು. ಅಂದರೆ ಒಂದು ಸುಳ್ಳಿನಿಂದ ನಿಮ್ಮ ಆಟಕ್ಕೆ ಗಡುವು ಬಿತ್ತು. ಪೋಕರ್‌ನಲ್ಲಿ ಗಡುವು ಇಟ್ಟುಕೊಂಡು ಗೆಲ್ಲುವುದಕ್ಕೆ ಬರುವುದಿಲ್ಲ, ಯಾಕೆಂದು ಮುಂದೆ ನೋಡಿ.

ದುಡ್ಡು, ಮತ್ತೆ ಅದರ ಏರಿಳಿತ

ಚೆನ್ನಾಗಿ ಆಡುವವನನ್ನೇ ತೆಗೆದುಕೊಳ್ಳೋಣ. ಬಿಗ್ ಬ್ಲೈಂಡ್, ಅಂದರೆ ಎಲೆ ನೋಡುವ ಮುಂಚೆಯೇ ಸರದಿಯಂತೆ ಒಬ್ಬರು ಕಟ್ಟಲೇಬೇಕಾದ ಮೊತ್ತ, 1,000 ರೂಪಾಯಿ ಇರುವ ಟೇಬಲ್. ನೂರು ಹ್ಯಾಂಡ್‌ಗೆ ಸರಾಸರಿ 5 ಬ್ಲೈಂಡ್ ಗೆಲ್ಲುವ ಗಟ್ಟಿ ಆಟಗಾರ. ಸಾವಿರ ಹ್ಯಾಂಡ್ ಆಡಿದರೆ, ಗಂಟೆಗೆ 30ರಂತೆ 33 ಗಂಟೆ, ಅಂದರೆ ನಾಲ್ಕೈದು ರಾತ್ರಿ, ಅವನ ಪಾಲಿಗೆ ಸರಾಸರಿ 50,000 ರೂಪಾಯಿ ಬರಬೇಕು. ಆದರೆ ನೂರು ಹ್ಯಾಂಡ್‌ಗೆ 80 ಬ್ಲೈಂಡ್‌ನಷ್ಟು ಏರಿಳಿತ ಈ ಆಟದಲ್ಲಿ ಮಾಮೂಲು. ಸಾವಿರ ಹ್ಯಾಂಡ್‌ಗೆ ಅದು ಸುಮಾರು 250 ಬ್ಲೈಂಡ್, ಎರಡೂವರೆ ಲಕ್ಷ. ಸಿಗುವುದು ಐವತ್ತು ಸಾವಿರ, ತೂಗಾಡುವುದು ಎರಡೂವರೆ ಲಕ್ಷ! ಲೆಕ್ಕ ಹಾಕಿದರೆ, ಇಷ್ಟು ಒಳ್ಳೆಯ ಆಟಗಾರನೂ ಆ ನಾಲ್ಕೈದು ರಾತ್ರಿಯ ಕೊನೆಗೆ ಹತ್ತರಲ್ಲಿ ನಾಲ್ಕು ಸಲ ಸೋತೇ ಎದ್ದು ಹೋಗುತ್ತಾನೆ. ಜೋಡಿ ಎಕ್ಕಕ್ಕಾಗಿ ಕಾಯುತ್ತಾ ಕೂರುತ್ತೇನೆ ಅನ್ನುವವರಿಗೆ: ಅದು ಬರುವುದು 221 ಹ್ಯಾಂಡ್‌ಗೆ ಒಂದು ಸಲ, ಏಳು ಗಂಟೆಗೊಮ್ಮೆ. ಬಂದರೂ ಎದುರಿಗೆ ಜೋಡಿ ರಾಜ ಇದ್ದರೆ ಐದರಲ್ಲಿ ಒಂದು ಸಲದ ಆಸುಪಾಸು ಸೋಲುತ್ತದೆ. ಕೈಗೆ ನಾಲ್ಕೆಲೆ ಕೊಡುವ ಓಮಾಹಾ ಎಂಬ ಪೋಕರ್‌ನಲ್ಲಿ, ನಮ್ಮ ದೊಡ್ಡ ಟೇಬಲ್‌ಗಳಲ್ಲಿ ಹೆಚ್ಚು ಓಡುವುದು ಅದೇ, ಏರಿಳಿತ ಇನ್ನೂ ಜಾಸ್ತಿ. ಇದರ ಮೇಲೆ ಪ್ರತಿ ಪಾಟ್‌ನಿಂದ, ಅಂದರೆ ಎಲ್ಲರೂ ಕಟ್ಟಿದ ದುಡ್ಡಿನ ರಾಶಿಯಿಂದ, ಕ್ಯಾಸಿನೊದವರು ಕತ್ತರಿಸಿಕೊಳ್ಳುವ ಪಾಲು, ರೇಕ್, ಬೇರೆ.

ಹಾಗಾದರೆ ಎಷ್ಟು ತರಬೇಕು? ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಜಾನ್ ಕೆಲ್ಲಿ, ಒಮ್ಮೆಗೆ ಎಷ್ಟು ಕಟ್ಟಬೇಕು ಎಂಬುದಕ್ಕೆ 1956ರಲ್ಲಿ ಕೊಟ್ಟ ಸೂತ್ರವನ್ನು ಕಸುಬಿನವರು ಇಂದಿಗೂ ಬಳಸುತ್ತಾರೆ. ನೂರಕ್ಕೆ 55 ಸಲ ಗೆಲ್ಲುವ, ಕಟ್ಟಿದಷ್ಟೇ ಸಿಗುವ ಪಂದ್ಯವಾದರೆ ಒಮ್ಮೆಗೆ ಕಟ್ಟಬೇಕಾದದ್ದು ಇರುವ ದುಡ್ಡಿನ ಹತ್ತರಲ್ಲಿ ಒಂದು ಪಾಲು. ಅದರ ಎರಡರಷ್ಟು ಕಟ್ಟಿದರೆ ದುಡ್ಡು ಬೆಳೆಯುವುದೇ ಇಲ್ಲ. ಅದನ್ನೂ ಮೀರಿದರೆ, ಅನುಕೂಲ ನಿಮ್ಮ ಕಡೆಗಿದ್ದರೂ ಕೊನೆಗೆ ಕೈ ಬರಿದು. ಮತ್ತೆ ಓದಿ: ಅನುಕೂಲ ನಿಮ್ಮ ಕಡೆಗಿದ್ದರೂ. ಬುದ್ಧಿವಂತರು ಮುಳುಗುವುದು ಇಲ್ಲೇ. ಕ್ರಿಸ್ ಫರ್ಗ್ಯೂಸನ್ ಎಂಬ ಆಟಗಾರ ಸೊನ್ನೆಯಿಂದ ಶುರು ಮಾಡಿ ಆನ್‌ಲೈನ್‌ನಲ್ಲಿ 10,000 ಡಾಲರ್ ಮಾಡಿ ತೋರಿಸಿದ್ದ. ಅವನು ಹಾಕಿಕೊಂಡಿದ್ದ ಕಟ್ಟು: ಕ್ಯಾಶ್ ಟೇಬಲ್‌ಗೆ ಒಟ್ಟು ದುಡ್ಡಿನ ನೂರಕ್ಕೆ ಐದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ.

ವರ್ಷಕ್ಕೊಮ್ಮೆ ಬರುವ ನಿಮಗೆ ಇಷ್ಟೆಲ್ಲ ಬೇಡ. ಮದುವೆಗೋ ತಿರುಗಾಟಕ್ಕೋ ಖರ್ಚು ಮಾಡಿದ ಹಾಗೆ, ಹೊರಡುವ ದಿನವೇ ಆ ದುಡ್ಡನ್ನು ಖರ್ಚಿಗೆ ಬರೆದುಬಿಡಿ. ಅದು ಹೋದರೆ ನಿಮ್ಮ ಕ್ಯಾಲೆಂಡರ್‌ನಲ್ಲಿ ಯಾವ ತಾರೀಖೂ ಅಲ್ಲಾಡಬಾರದು: ಇಎಂಐ, ಶಾಲೆ ಫೀಸು, ಸಂಘದ ಕಂತು. ಅಲ್ಲಾಡುತ್ತದೆ ಅಂದರೆ ಮೊತ್ತ ಅರ್ಧ ಮಾಡಿ, ಇನ್ನೂ ಅಲ್ಲಾಡಿದರೆ ಮತ್ತೆ ಅರ್ಧ. ಕಾರ್ಡು ಮನೆಯಲ್ಲಿ ಬಿಟ್ಟು ಬನ್ನಿ. ಫೋನಿನಲ್ಲಿರುವ ಯುಪಿಐ ಮಿತಿಯನ್ನು ಹೊರಡುವ ಮುಂಚೆ ಇಳಿಸಿ. ಟೇಬಲ್‌ನಲ್ಲಿ ಪಕ್ಕದವನು "ತಗೊಳ್ಳಿ ಸಾರ್, ಆಮೇಲೆ ನೋಡ್ಕೊಳ್ಳೋಣ" ಎಂದು ಚಿಪ್ಸ್ ತಳ್ಳುತ್ತಾನೆ. ಎಷ್ಟು ಒಳ್ಳೆಯವನಂತೆ ಕಂಡರೂ ಮುಟ್ಟಬೇಡಿ.

ಟೇಬಲ್ ನಿಮ್ಮ ಅಳತೆಯದೋ ಅಲ್ಲವೋ ತಿಳಿಯುವುದು ಸುಲಭ. ಚಿಪ್ಸ್ ನೋಡಿದಾಗ ಅದು ಬೇರೇನೋ ಆಗಿ ಕಾಣುತ್ತಿದೆಯೇ? ಒಬ್ಬ ಹುಡುಗ ಬೆಟ್ ಹಾಕುವ ಮುಂಚೆ ಪ್ರತಿ ಸಲ ತುಟಿಯಲ್ಲೇ ಏನೋ ಅನ್ನುತ್ತಿದ್ದ. ಬಾಗಿ ಕೇಳಿದರೆ, "ಟ್ರ್ಯಾಕ್ಟರ್ ಕಂತು, ಎರಡು ಕಂತು, ಮೂರು ಕಂತು." ಅವನು ಹೆದರಿ ಆಡುತ್ತಾನೆ ಎಂಬುದು ಮೂರು ಸುತ್ತಿನಲ್ಲಿ ಟೇಬಲ್‌ಗೆಲ್ಲ ಗೊತ್ತಾಯಿತು. ಆಮೇಲೆ ಯಾರು ಜೋರಾಗಿ ಬೆಟ್ ಹಾಕಿದರೂ ಅವನು ಎಲೆ ಮಡಚಿ ಬಿಟ್ಟುಕೊಡುವುದೇ. ಚಿಪ್ಸ್ ಏನೂ ಅಲ್ಲವಾಗಿ, ಬರೀ ಬಣ್ಣದ ಬಿಲ್ಲೆಯಾಗಿ ಕಾಣತೊಡಗಿದರೂ ಅಷ್ಟೇ ಅಪಾಯ. ಗೆಲ್ಲುತ್ತಿರುವವರಿಗೆ ಇದು ಬೇಗ ಆಗುತ್ತದೆ.

ಎದುರಾಳಿಯನ್ನು ಬೇಕೆಂದೇ ಈ ಹೆದರಿಕೆಗೆ ತಳ್ಳಿದ ದೊಡ್ಡ ಉದಾಹರಣೆ ಆ್ಯಂಡಿ ಬೀಲ್. ಡಲ್ಲಾಸ್‌ನ ಬ್ಯಾಂಕ್ ಮಾಲೀಕ, ಗಣಿತದ ಹುಚ್ಚು. 2001ರಿಂದ ಲಾಸ್ ವೇಗಸ್‌ಗೆ ಬಂದು ಅಲ್ಲಿನ ಘಟಾನುಘಟಿಗಳ ಜೊತೆ ಒಬ್ಬೊಬ್ಬರಾಗಿ ಆಡತೊಡಗಿದ. ಬೆಟ್ ಎಷ್ಟು ದೊಡ್ಡದು ಮಾಡಿದರೆ ಅವರ ಕೈ ನಡುಗುತ್ತದೋ ಅಷ್ಟಕ್ಕೆ ಏರಿಸುವುದು ಅವನ ತಂತ್ರ. ಕೊನೆಕೊನೆಗೆ ಒಂದೊಂದು ಬೆಟ್ 50,000-1,00,000 ಡಾಲರ್, ಅದಕ್ಕೂ ಮೇಲೆ. ಅವನಿಗೆ ದುಡ್ಡಿನ ಅಗತ್ಯ ಇರಲಿಲ್ಲ. ಜಗತ್ತಿನ ಅತಿ ಒಳ್ಳೆಯವರನ್ನು ಸೋಲಿಸಬಲ್ಲೆನೇ ಎಂಬುದಷ್ಟೇ ಪ್ರಶ್ನೆ. ಎದುರಿಗಿದ್ದ ಡಾಯ್ಲ್ ಬ್ರನ್‌ಸನ್, ಜೆನಿಫರ್ ಹಾರ್ಮನ್ ಮುಂತಾದವರು ಏನು ಮಾಡಿದರು ನೋಡಿ: ಎಲ್ಲರೂ ದುಡ್ಡು ಕೂಡಿ ಹಾಕಿ ಒಂದೇ ಗಂಟು ಮಾಡಿದರು, ಅದರಿಂದ ಒಬ್ಬೊಬ್ಬರೇ ಹೋಗಿ ಆಡಿದರು. 2006ರ ಫೆಬ್ರವರಿಯಲ್ಲಿ ಅವರಲ್ಲೊಬ್ಬನಾದ ಫಿಲ್ ಐವಿ ಮೂರು ದಿನದಲ್ಲಿ ಬೀಲ್‌ನಿಂದ 1.66 ಕೋಟಿ ಡಾಲರ್ ಗೆದ್ದದ್ದು ಹೀಗೆ ಆಡಿಯೇ.

ಆ ಮಟ್ಟದವರೇ ಅಪಾಯವನ್ನು ಹಂಚಿಕೊಂಡು ಕೂತಿದ್ದರು. ಟೀವಿಯಲ್ಲಿ ಕೋಟಿಗಟ್ಟಲೆ ತಳ್ಳುವವನನ್ನು ನೋಡಿ "ಏನು ಗುಂಡಿಗೆ" ಅನ್ನುತ್ತೇವೆ. ಅವನ ಮುಂದಿರುವ ರಾಶಿಯಲ್ಲಿ ಅವನದು ಕಾಲು ಪಾಲು ಇರಬಹುದು, ಉಳಿದದ್ದು ಹಿಂದೆ ನಿಂತವರದು. ನಿಮಗೂ ಇದು ಸಾಧ್ಯ. ಹಳೆಯ ಗೆಳೆಯರು ನಾಲ್ವರು ಸೇರಿ, ಸೋತರೆ ಇಷ್ಟು ಗೆದ್ದರೆ ಇಷ್ಟು ಎಂದು ಬರೆದುಕೊಂಡು ಒಬ್ಬನನ್ನು ಕೂರಿಸಿ. ಬರೆದುಕೊಳ್ಳದಿದ್ದರೆ ಗೆದ್ದ ದಿನವೇ ಗೆಳೆತನ ಮುರಿಯುತ್ತದೆ. ಸೋತ ದಿನ ಯಾರೂ ಜಗಳ ಆಡುವುದಿಲ್ಲ, ವಿಚಿತ್ರ.

ನಿಮ್ಮ ಕೈಯನ್ನು ನೀವೇ ನೋಡಿಕೊಳ್ಳಿ

ಈಗ ಆ ಇಂಜಿನಿಯರ್ ಹುಡುಗ. ಶನಿವಾರ ರಾತ್ರಿ, ಹನ್ನೊಂದೂವರೆ ಇರಬೇಕು. ಅವನ ಕೈಯಲ್ಲಿ ಜೋಡಿ ಎಕ್ಕ, ಎದುರಿನವನಲ್ಲಿ ಜೋಡಿ ರಾಜ. ಮೇಜಿನ ಮೇಲೆ ಮೊದಲ ಮೂರು ಎಲೆ (ಫ್ಲಾಪ್) ಬೀಳುವ ಮುಂಚೆಯೇ ಇಬ್ಬರದೂ ಆಲ್-ಇನ್, ಮುಂದಿದ್ದ ಚಿಪ್ಸ್ ಎಲ್ಲ ಒಳಗೆ. ಒಂಬತ್ತು ಲಕ್ಷದ ಪಾಟ್. ಎಲೆ ಹಾಕುತ್ತಿದ್ದವಳು ನಾನು. ಫ್ಲಾಪ್, ನಾಲ್ಕನೆಯ ಎಲೆ ಟರ್ನ್, ಎರಡೂ ತಣ್ಣಗೆ ಹೋದವು. ಕೊನೆಯ ಎಲೆ ರಿವರ್ ತಿರುಗಿಸಿದೆ: ಕಳಾವರ್ ರಾಜ. ಎದುರಿನವನಿಗೆ ಮೂರು ರಾಜ.

ಅವನು ನಕ್ಕ. "ನೈಸ್ ಹ್ಯಾಂಡ್" ಅಂದ, ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಪಕ್ಕದವನಿಗೆ "ಎಂಬತ್ತೆರಡು ಪರ್ಸೆಂಟ್ ನನ್ನ ಕಡೆ ಇತ್ತು, ನಡೀತದೆ" ಎಂದು ಸಮಾಧಾನವನ್ನೂ ಅವನೇ ಹೇಳಿದ. ಆದರೆ ಯಾವಾಗಲೂ ಇಪ್ಪತ್ತಿಪ್ಪತ್ತು ಎಣಿಸಿ ಗೋಪುರ ಕಟ್ಟುವ ಅವನ ಕೈ ಹೊಸ ಚಿಪ್ಸ್ ಬಂದಾಗ ಅದನ್ನು ಗುಡ್ಡೆಯಾಗಿಯೇ ಬಿಟ್ಟಿತು. ನಾನು ಆ ಟೇಬಲ್‌ನಿಂದ ಏಳುವಷ್ಟರಲ್ಲಿ ಫ್ಲೋರ್ ಮ್ಯಾನೇಜರ್‌ನನ್ನು ಕರೆದು ದೊಡ್ಡ ಓಮಾಹಾ ಟೇಬಲ್‌ಗೆ ಹೆಸರು ಬರೆಸಿದ್ದ. ಕಳಾವರ್ ರಾಜ ಅವನಿಂದ ಕಿತ್ತುಕೊಂಡದ್ದು ನಾಲ್ಕೂವರೆ ಲಕ್ಷ. ಆ ಹೆಸರು ಬರೆಸಿದ್ದಕ್ಕೆ ಬೆಳಗಿನೊಳಗೆ ಹೋದದ್ದು ಹದಿನಾಲ್ಕು, ಅದರಲ್ಲಿ ಸಾಲವೂ ಸೇರಿ.

ಇದು ಅವನೊಬ್ಬನ ದೌರ್ಬಲ್ಯ ಅಲ್ಲ. 25-50 ಡಾಲರ್ ಬ್ಲೈಂಡ್‌ನ ಆನ್‌ಲೈನ್ ಟೇಬಲ್‌ಗಳಲ್ಲಿ ಆಡುವ ಅನುಭವಸ್ಥರ ಆಟವನ್ನು ಗ್ಯಾರಿ ಸ್ಮಿತ್ ಮತ್ತು ಸಂಗಡಿಗರು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದ್ದರು. ದೊಡ್ಡ ಪಾಟ್ ಸೋತ ಮೇಲೆ ಅವರೂ ಎಚ್ಚರ ತಪ್ಪಿ, ಬೇಡದ ಎಲೆಗಳನ್ನೆಲ್ಲ ಆಡುವುದು ಅದರಲ್ಲಿ ಕಂಡಿತ್ತು. ಲೆಕ್ಕ ಗೊತ್ತಿರುವುದರಿಂದ ಇದು ತಪ್ಪುವುದಿಲ್ಲ. ತಪ್ಪಿಸಲು ಹೊರಗಿನ ಕಟ್ಟು ಬೇಕು.

ಹಾಗಾಗಿ ಈ ಗುರುತುಗಳನ್ನು ನಿಮ್ಮಲ್ಲೇ ನೋಡಿಕೊಳ್ಳಿ. ಚಿಪ್ಸ್ ಜೋಡಿಸುವುದು ನಿಂತಿತೇ? ಸರದಿ ಬರುವ ಮುಂಚೆ ಬೆಟ್ ಹಾಕುತ್ತಿದ್ದೀರೇ? ಎಲೆ ಮಡಚಿದ ಮೇಲೂ "ಇದ್ದಿದ್ರೆ ಏನು ಬರ್ತಿತ್ತು" ಎಂದು ಡೀಲರ್‌ನನ್ನು ಕೇಳುತ್ತಿದ್ದೀರೇ? ಎಲೆ ಮೇಜಿಗೆ ಒಗೆಯುವಾಗ ಸದ್ದು ಬರುತ್ತಿದೆಯೇ? (ನಮ್ಮ ಮೇಲೆ ಸಿಟ್ಟು ತೀರಿಸುವವರೂ ಇದ್ದಾರೆ. ಆ ಎಲೆ ಹಂಚಿದ್ದಕ್ಕೆ ನಮಗೆ ಸಿಗುವುದು ಸಂಬಳ ಮಾತ್ರ ಸ್ವಾಮಿ.) ಒಂದು ಗುರುತು ಕಂಡರೂ ಎದ್ದು ಡೆಕ್‌ಗೆ ಹೋಗಿ. ಕುರ್ಚಿ ಹೋಗುವುದಿಲ್ಲ, ಒಂದೆರಡು ಬ್ಲೈಂಡ್ ತಪ್ಪಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಪಣಜಿಯ ದೀಪ ನೋಡುತ್ತಾ ಇಪ್ಪತ್ತು ನಿಮಿಷ ನಿಲ್ಲಿ. ಕುಡಿಯುವುದಿದ್ದರೆ ಆಟ ಮುಗಿದ ಮೇಲೆ. ಇದೇ ಚಾಳಿ ಮನೆಗೂ ಬಂದು, ನಿದ್ದೆ ಬಾರದೆ ಸೋತದ್ದನ್ನೇ ಎಣಿಸುವ ಹಾಗಾದರೆ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನಾನೇನು ದೊಡ್ಡ ಜಾಣೆ ಅಂದುಕೊಳ್ಳಬೇಡಿ. ಮರುದಿನ ಸಂಜೆ ಆ ಹುಡುಗ ಜೆಟ್ಟಿಯ ಬಳಿ ಕಾಯುತ್ತಿದ್ದ. "ಸೋಮವಾರ ಕೊಡ್ತೇನೆ" ಎಂದು ನಲವತ್ತು ಸಾವಿರ ಕೇಳಿದ. ಡೀಲರ್ ಆದವಳು ಆಟಗಾರನಿಗೆ ಸಾಲ ಕೊಡುವುದು ಪೂರ್ತಿ ತಪ್ಪು, ಕೆಲಸ ಹೋಗುವ ತಪ್ಪು. ಕೊಟ್ಟೆ. ಬುಧವಾರ ಬಂದು, "ಇನ್ನು ಹತ್ತು ಕೊಟ್ಟರೆ ಎಲ್ಲ ಎತ್ತಿ ನಿಮ್ಮದನ್ನೇ ಮೊದಲು ಕೊಡ್ತೇನೆ ಅಕ್ಕ" ಅಂದ. ಮೊದಲ ನಲವತ್ತನ್ನು ಉಳಿಸಿಕೊಳ್ಳಲು ಆ ಹತ್ತನ್ನೂ ಕೊಟ್ಟೆ. ಒಂದು ಎಲೆಯನ್ನೂ ಮುಟ್ಟದೆ ನಾನೂ ಅವನ ಆಟವನ್ನೇ ಆಡಿದ್ದೆ. ಈವರೆಗೆ ಬಂದದ್ದು ಹದಿನೈದು ಸಾವಿರ, ಅದೂ ಒಮ್ಮೆ ಐನೂರು, ಒಮ್ಮೆ ಸಾವಿರ ಹೀಗೆ.

ಏಳುವುದು

ಇಷ್ಟು ಸೋತರೆ ಏಳುತ್ತೇನೆ, ಇಷ್ಟು ಗೆದ್ದರೆ ಏಳುತ್ತೇನೆ ಎಂದು ಎಲ್ಲರೂ ಹೇಳುತ್ತಾರೆ. ಮೊತ್ತದ ಮಾತು ಅಲ್ಲಿ ನಿಲ್ಲುವುದಿಲ್ಲ, ಗಡಿಯಾರದ ಮಾತು ಸ್ವಲ್ಪ ನಿಲ್ಲುತ್ತದೆ. ಎರಡು ಗಂಟೆಗೆ ಏಳುವುದು ಅಂದರೆ ಎರಡಕ್ಕೆ, ಗೆಲ್ಲುತ್ತಿದ್ದರೂ ಸೋಲುತ್ತಿದ್ದರೂ. ಜೊತೆಗೆ ಬಂದವನಿಗೆ ಮೊದಲೇ ಹೇಳಿಡಿ, ಅವನು ಭುಜ ಮುಟ್ಟಿದಾಗ ಜಗಳ ಮಾಡಬೇಡಿ. ಚಿಪ್ಸ್‌ನ್ನು ಟ್ರೇಗೆ ಹಾಕಿ ಸೀದಾ ಕೇಜ್‌ಗೆ, ಅಂದರೆ ಚಿಪ್ಸ್ ಕೊಟ್ಟು ದುಡ್ಡು ಪಡೆಯುವ ಕೌಂಟರ್‌ಗೆ, ಹೋಗಿ, ದುಡ್ಡು ಎಣಿಸಿ ರಸೀದಿ ತೆಗೆದುಕೊಳ್ಳಿ, ಅಲ್ಲಿಂದ ದಡಕ್ಕೆ ಹೋಗುವ ಬೋಟ್‌ಗೆ. ಈ ಮೂರರ ನಡುವೆ ಬೇರೆ ಟೇಬಲ್ ಬಳಿ ನಿಂತು ನೋಡಬೇಡಿ.

ನಮ್ಮ ಕಡೆ ಆಟ ಅಂದರೆ ಯಕ್ಷಗಾನ. ಪಗಡೆಯ ಪ್ರಸಂಗ ಎಷ್ಟು ಸಲ ನೋಡಿದ್ದೇನೋ. ಧರ್ಮರಾಯ ಹೆಂಡತಿಯನ್ನೇ ಒಡ್ಡಿದ್ದನ್ನು ಎಲ್ಲರೂ ಆಡಿಕೊಳ್ಳುತ್ತಾರೆ. ನನಗೆ ಬೇಜಾರು ಅದರ ನಂತರದ್ದು. ಧೃತರಾಷ್ಟ್ರ ಎಲ್ಲವನ್ನೂ ವಾಪಸ್ ಕೊಟ್ಟಿದ್ದ. ರಾಜ್ಯ, ತಮ್ಮಂದಿರು, ಎಲ್ಲ. ಅರ್ಧ ದಾರಿ ಹೋಗಿದ್ದವನನ್ನು ಮತ್ತೆ ಕರೆದರು, ಬಂದು ಕೂತ. ಬೋಟ್ ಹತ್ತಿ ದಡ ಮುಟ್ಟಿ, ಜೆಟ್ಟಿಯಲ್ಲಿ ಚಹಾ ಕುಡಿದು, ಮುಂದಿನ ಬೋಟ್‌ಗೆ ವಾಪಸ್ ಬಂದವರನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೆ.

ಚಿಕ್ಕಪ್ಪನ ಮಗನಿಗೆ ಚೀಟಿ ಬರೆದು ಫೋಟೋ ಕಳಿಸು ಅಂದಿದ್ದೆ. ನಿನ್ನೆ ರಾತ್ರಿ ಬಂತು. "ದುಡ್ಡು" ಎಂಬುದನ್ನು ಹೊಡೆದುಹಾಕಿದ್ದಾನೆ. ಕೆಳಗೆ: "ನನ್ನ ಟೀಮಿನವನೊಬ್ಬ ಹೋದ ತಿಂಗಳು ಬಂದು ಮೂರು ಲಕ್ಷ ಗೆದ್ದ. ದಿನಾ ಅದೇ ಮಾತು." ಟೇಬಲ್‌ನಲ್ಲೇ ಇಲ್ಲದವನ ಜೊತೆ ಆಡಲು ಹೊರಟಿದ್ದಾನೆ ಹುಡುಗ. ಆದರೂ ನಿಜ ಬರೆದನಲ್ಲ. ಐದು ಲಕ್ಷ ಬೇಡ, ಐವತ್ತು ಸಾವಿರ ತಾ, ಸಣ್ಣ ಟೇಬಲ್, ಎರಡು ಗಂಟೆಗೆ ನಾನೇ ಫೋನ್ ಮಾಡುತ್ತೇನೆ ಎಂದೆ. ಒಪ್ಪಿದ.

ಇವತ್ತು ಬೆಳಿಗ್ಗೆ ಅವನ ಹೆಂಡತಿಯ ಫೋನ್. ತುಮಕೂರಿನ ಹುಡುಗಿ, ನಮ್ಮೂರಿನದು ಅವಳಿಗೆ ಅಷ್ಟಾಗಿ ಗೊತ್ತಿಲ್ಲ. "ಅಕ್ಕಾ, ಶುಕ್ರವಾರ ಅಂಕೋಲೆಯಲ್ಲಿ ಬಂಡಿ ಹಬ್ಬ ಅಂತೆ? ಇವರೊಬ್ಬರೇ ಹೊರಟಿದ್ದಾರೆ. ನಾನೂ ಬರ್ಲಾ?"

ಬಂಡಿ ಹಬ್ಬ ಮುಗಿದು ಹದಿನೈದು ದಿನವಾಯಿತು.